ಐದನೇ ತರಗತಿಯ ಮಕ್ಕಳು, ನವೋದಯ ಪರೀಕ್ಷೆ ಮತ್ತು ನಾವು ಗೋಡೆಗೆ ಅಂಟಿಸಿದ ಪಟ್ಟಿ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಟ್ರಸ್ಟಿಗಳ ಪರವಾಗಿ ಮಾಡಿದ ಭಾಷಣ)





ವರದಿಯ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದನ್ನು ಮತ್ತೆ ಓದಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ವರದಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿರುವ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ‘ನವೋದಯ ಪ್ರವೇಶ ಪರೀಕ್ಷೆಯ ತಯಾರಿ ತರಗತಿ ನಡೆಸಲಾಯಿತು’ ಎಂಬುದು ಆ ಸಾಲು. ಆ ತರಗತಿಗೆ ನಾವು ಮಕ್ಕಳನ್ನು ಆರಿಸಿದ ರೀತಿಯಲ್ಲಿ ತಪ್ಪಾಯಿತು. ತಪ್ಪು ನಮ್ಮದೇ. ಮಾರ್ಚ್ ಕೊನೆಯಲ್ಲಿ ನಡೆದ ಪಾಲಕರ ಸಭೆಯಲ್ಲಿ ಅದರ ಬಗ್ಗೆ ದೊಡ್ಡ ವಾದವಿವಾದವೇ ನಡೆಯಿತು. ಆ ದಿನ ಇದ್ದವರಿಗೆ ನೆನಪಿದೆ. ಇಲ್ಲದವರಿಗೂ ಗೊತ್ತಾಗಲಿ ಎಂದು ಈ ಮಾತು.

ಮೊದಲು ಆ ಪರೀಕ್ಷೆ ಏನೆಂಬುದು. ಜವಾಹರ್ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದು ಬಂದವು. ಹಳ್ಳಿಯ ಜಾಣ ಮಕ್ಕಳಿಗೆ, ಮನೆಯಲ್ಲಿ ಹಣವಿದ್ದರೂ ಇಲ್ಲದಿದ್ದರೂ, ಒಳ್ಳೆಯ ವಸತಿ ಶಾಲೆ ಸಿಗಬೇಕು ಎಂಬುದು ಅವುಗಳ ಉದ್ದೇಶ. ನಮ್ಮ ಹಾವೇರಿ ಜಿಲ್ಲೆಯಲ್ಲಿಯೂ ಒಂದಿದೆ. ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿಯ ಶುಲ್ಕವಿದೆ. ಅದರಿಂದ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ. ಇಂಥ ಶಾಲೆಗೆ ಇಡೀ ಜಿಲ್ಲೆಯ ಮಕ್ಕಳು ಪೈಪೋಟಿ ನಡೆಸುವುದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಎಂದರೆ 40 ಪ್ರಶ್ನೆ, ಬರೀ ಚಿತ್ರಗಳು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ಹೇಗಿರುತ್ತದೆ, ಈ ತರಹದವು ಹತ್ತು ಬಗೆ, ಒಂದೊಂದು ಬಗೆಯಲ್ಲಿ ನಾಲ್ಕು ಪ್ರಶ್ನೆ. ಉಳಿದಂತೆ ಗಣಿತ 20, ಭಾಷೆ 20. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಈ ಒಂದೂಕಾಲನ್ನು ದಯವಿಟ್ಟು ನೆನಪಿಡಿ, ಮುಂದೆ ಬರುತ್ತದೆ.

ಕಳೆದ ವರ್ಷ ನಮ್ಮ ಹಾಲಿನಲ್ಲಿ 40 ಮಕ್ಕಳಿಗೆ ಮಾತ್ರ ಕೂರುವ ಜಾಗ, ಇಬ್ಬರು ಶಿಕ್ಷಕರು. ಬಂದವರೋ ನೂರರ ಮೇಲೆ. ಏನು ಮಾಡುವುದು? ನಾವೇ ಒಂದು ಪ್ರಶ್ನೆಪತ್ರಿಕೆ ಮಾಡಿದೆವು, ನವೋದಯದ ಮಾದರಿಯಲ್ಲೇ. ಮೊದಲ 40 ಜನರನ್ನು ತೆಗೆದುಕೊಂಡೆವು. ಎಲ್ಲರ ಹೆಸರು, ಅಂಕ ಬರೆದು ಹೊರಗಿನ ಗೋಡೆಗೆ ಪಟ್ಟಿ ಅಂಟಿಸಿದೆವು. ಯಾವ ಶಿಫಾರಸೂ ಇಲ್ಲ, ಎಲ್ಲ ಬಹಿರಂಗ ಎಂಬ ಹೆಮ್ಮೆ ನಮಗೆ. ಜುಮಾ ಮುಗಿಸಿ ಬಂದವರೆಲ್ಲ ನಿಂತು ಓದಿದರು. ಮೊದಲನೆಯವನಿಗೆ ಶಾಲು ಹೊದಿಸಿದೆವು. ಹತ್ತು ವರ್ಷದ ಹುಡುಗ, ಶಾಲು ನೆಲಕ್ಕೆ ಎಳೆದಾಡುತ್ತಿತ್ತು.

ಜನವರಿಯಲ್ಲಿ ನಿಜವಾದ ಪರೀಕ್ಷೆ ನಡೆಯಿತು, ಮಾರ್ಚಿನಲ್ಲಿ ಫಲಿತಾಂಶ. ನಮ್ಮ ತರಗತಿಯಿಂದ ಮೂವರು ಆಯ್ಕೆಯಾದರು, ಅಲ್ಹಮ್ದುಲಿಲ್ಲಾಹ್. ಆ ಮೂವರಲ್ಲಿ ನಾವು ಶಾಲು ಹೊದಿಸಿದ ಹುಡುಗ ಇರಲಿಲ್ಲ.

ಪಾಲಕರ ಸಭೆಯಲ್ಲಿ ಮೊದಲು ಎದ್ದವರು ಅವನ ತಂದೆ. ಪೇಟೆಯಲ್ಲಿ ಅಂಗಡಿ ಇಟ್ಟಿರುವವರು, ನಮ್ಮ ಟ್ರಸ್ಟಿಗೂ ಪ್ರತಿ ವರ್ಷ ಕೊಡುವವರು. ‘ನಿಮ್ಮ ಪಟ್ಟಿಯಲ್ಲಿ ನನ್ನ ಮಗನಿಗೆ 81.25, ಆಯ್ಕೆಯಾದ ಹಳ್ಳಿ ಹುಡುಗನಿಗೆ 68.75. ಇದೆಲ್ಲಿಯ ನ್ಯಾಯ? ನಿಮ್ಮ ಪರೀಕ್ಷೆ ಸುಳ್ಳೋ, ಅವರದು ಸುಳ್ಳೋ?’ ಎಂದು ಕೇಳಿದರು. ಹಳ್ಳಿ ಹುಡುಗನ ತಂದೆ ಹಾಸಿಗೆ ಹೊಲಿಯುವವರು, ಅಲ್ಲೇ ಕೂತಿದ್ದರು, ತಲೆ ತಗ್ಗಿಸಿದರು. ಮಗ ಆಯ್ಕೆಯಾದ ಸಂತೋಷದ ದಿನ ತಲೆ ತಗ್ಗಿಸುವಂತಾಯಿತು.

ಅಂಗಡಿಯವರಿಗೆ ನಾವು ಕೊಟ್ಟ ಉತ್ತರ ಇದು. ನವೋದಯದ ಆಯ್ಕೆ ಬರೀ ಅಂಕದ ಸಾಲು ಅಲ್ಲ. ನೂರರಲ್ಲಿ ಕನಿಷ್ಠ 75 ಸೀಟು ಗ್ರಾಮೀಣ ಮಕ್ಕಳಿಗೆ. 80ರ ಶಾಲೆಯಲ್ಲಿ ಅದು 60. ಉಳಿದ 20ಕ್ಕೆ ಪೇಟೆಯ ಮಕ್ಕಳೂ ಹಳ್ಳಿಯ ಮಕ್ಕಳೂ ಒಟ್ಟಿಗೆ ಸ್ಪರ್ಧಿಸುತ್ತಾರೆ. ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲ ಮಕ್ಕಳಿಗೆ ಮೀಸಲಾತಿ. ಆದ್ದರಿಂದ ಪೇಟೆಯ ಶಾಲೆಯಲ್ಲಿ ಓದಿದ ಮಗುವಿಗೆ ಬಾಗಿಲು ಕಿರಿದು. ಇದನ್ನು ಅನ್ಯಾಯ ಎನ್ನಬೇಡಿ, ಆ ಶಾಲೆಯನ್ನು ಕಟ್ಟಿದ್ದೇ ಹಳ್ಳಿಯ ಮಕ್ಕಳಿಗಾಗಿ. ಫಲಿತಾಂಶದ ಪಟ್ಟಿಯಲ್ಲಿ ಅಂಕ ಇರುವುದೂ ಇಲ್ಲ. ಗೋಡೆಗೆ ಅಂಕ ಅಂಟಿಸಿ ಒಂದು ಮನೆಯ ಮಗನನ್ನು ಇನ್ನೊಂದು ಮನೆಯ ಮಗನ ಎದುರು ನಿಲ್ಲಿಸಿದವರು ನಾವೇ.

ಈ ಗ್ರಾಮೀಣ ನಿಯಮದ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇದು ಗೊತ್ತಿಲ್ಲದೆ ಮನೆಗಳು ಹಾನಿ ಮಾಡಿಕೊಳ್ಳುತ್ತಿವೆ. ಗ್ರಾಮೀಣ ಎಂದು ಲೆಕ್ಕಕ್ಕೆ ಬರಬೇಕಾದರೆ ಮೂರು, ನಾಲ್ಕು, ಐದು, ಈ ಮೂರೂ ತರಗತಿ ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಅವಧಿಯಲ್ಲಿ ಒಂದು ದಿನ ಪೇಟೆಯ ಶಾಲೆಯಲ್ಲಿ ಓದಿದ್ದರೂ ಮಗು ನಗರದ್ದು ಎಂದೇ ಗಣನೆ. ನಮ್ಮವರು ಏನು ಮಾಡುತ್ತಾರೆ? ಸಾಲ ಮಾಡಿ ಮೂರನೇ ತರಗತಿಗೆ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುತ್ತಾರೆ, ಮುಂದಿನ ವರ್ಷ ಫೀ ಕಟ್ಟಲಾಗದೆ ವಾಪಸು ಕರೆತರುತ್ತಾರೆ. ಹಣವೂ ಹೋಯಿತು, ಗ್ರಾಮೀಣ ಪಾಲೂ ಹೋಯಿತು. ಇನ್ನು ಐದನೇ ತರಗತಿ ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು ಎಂಬುದನ್ನೂ ಮರೆಯಬೇಡಿ. ದುಡಿಯಲು ಗೋವಾಕ್ಕೋ ಹುಬ್ಬಳ್ಳಿಗೋ ಹೋಗುವವರು ಮಗುವಿನ ಶಾಲೆ ಬದಲಿಸುವ ಮುನ್ನ ಒಮ್ಮೆ ಕೇಳಿ.

ಸಭೆಯ ವಿಷಯಕ್ಕೆ ಬರೋಣ. ಅಂಗಡಿಯವರ ಮಾತು ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದರು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರು. ಮಗಳು ಉರ್ದು ಶಾಲೆಯಲ್ಲಿ ಐದನೇ ತರಗತಿ. ನಮ್ಮ ಪಟ್ಟಿಯಲ್ಲಿ ಆ ಹುಡುಗಿ 40ರೊಳಗೆ ಬಂದಿರಲಿಲ್ಲ. ‘ಆಕಿ ಪೇಪರ್ ಒಂದ್ಸಲ ತೋರಸ್ರಿ’ ಎಂದರು. ಪೇಪರು ಕಪಾಟಿನಲ್ಲಿತ್ತು. ತಂದು ಎಲ್ಲರೆದುರು ಬಿಚ್ಚಿದೆವು.

ಚಿತ್ರಗಳ 40 ಪ್ರಶ್ನೆಗಳಲ್ಲಿ 36 ಸರಿ. ಅಂಕ 45. ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ, ಶಾಲು ಹೊದಿಸಿದ ಹುಡುಗನಿಗೂ. ಗಣಿತದಲ್ಲಿ 13 ಸರಿ, 16.25. ಭಾಷೆಯಲ್ಲಿ ಮೂರೇ ಸರಿ, 3.75. ಒಟ್ಟು 65. ನಮ್ಮ ಪಟ್ಟಿಯ ನಲವತ್ತನೇ ಮಗುವಿಗೆ 66.25.

ಒಂದೂಕಾಲು ಅಂಕ, ಎಂದರೆ ಒಂದು ಪ್ರಶ್ನೆ. ನಾವು ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಮಾತ್ರ ಮಾಡಿದ್ದೆವು. ಭಾಷೆಯ ಭಾಗದಲ್ಲಿ ಇದ್ದದ್ದು ಕನ್ನಡದ ಗದ್ಯ, ಗಣಿತದ ಲೆಕ್ಕಗಳ ಮಾತೂ ಕನ್ನಡ. ನಿಜವಾದ ನವೋದಯ ಪರೀಕ್ಷೆಯನ್ನು ಉರ್ದು ಮಾಧ್ಯಮದ ಮಗು ಉರ್ದುವಿನಲ್ಲೇ ಬರೆಯಬಹುದು, ಅರ್ಜಿಯಲ್ಲಿ ಭಾಷೆ ಗುರುತಿಸಿದರೆ ಸಾಕು. ಸರ್ಕಾರ ಕೊಟ್ಟಿರುವ ಸೌಲಭ್ಯವನ್ನು, ಮನೆಯಲ್ಲಿ ಉರ್ದು ಮಾತಾಡುವ ನಾವೇ, ನಮ್ಮ ಮಕ್ಕಳಿಗೆ ಕೊಡಲಿಲ್ಲ.

ಆ ತಾಯಿ ಕೇಳಿದ್ದು ಇಷ್ಟೇ: ‘ಸಾಹೇಬ್ರ, ಚಿತ್ರ ನೋಡಿ ಗುರುತ ಹಚ್ಚೂದಕ್ಕ ಕನ್ನಡ ಬೇಕೇನ್ರಿ? ಅದರಾಗ ನಮ್ಮ ಹುಡುಗಿ ಎಲ್ಲಾರಕಿಂತ ಮುಂದ ಅದಾಳ. ಮತ್ತ ಹೊರಗ ಯಾಕ ನಿಂದ್ರಿಸಿದ್ರಿ?’

ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಇನ್ನೂ ಕೆಟ್ಟ ಸಂಗತಿ ಎಂದರೆ, ನಮ್ಮ ತರಗತಿಗೆ ಆಯ್ಕೆಯಾಗಲಿಲ್ಲ ಎಂದು ಆ ಮನೆಯವರು ನವೋದಯಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ‘ಟ್ರಸ್ಟಿನವರೇ ಬ್ಯಾಡ ಅಂದಮ್ಯಾಲ ಸರ್ಕಾರದವರು ತಗೋತಾರೇನು’ ಎಂದುಕೊಂಡರಂತೆ. ಆ ಪರೀಕ್ಷೆ ಬರೆಯಲು ಒಂದು ಮಗುವಿಗೆ ಸಿಗುವುದು ಒಂದೇ ಅವಕಾಶ, ಅದೂ ಐದನೇ ತರಗತಿಯಲ್ಲಿರುವಾಗ. ಅವಳೀಗ ಐದು ಮುಗಿಸಿದ್ದಾಳೆ.

ಇದರ ನಂತರ ಸಭೆ ಎಲ್ಲ ಕಡೆಗೂ ಹರಿಯಿತು. ಪೇಟೆಯ ಮಕ್ಕಳು ಕೋಚಿಂಗಿಗೆ ಹಣ ಕಟ್ಟಿ ಆ ಹತ್ತು ಬಗೆಯ ಚಿತ್ರಗಳನ್ನು ಉರು ಹೊಡೆದು ಬರುತ್ತಾರೆ, ಹಾಗಾದರೆ ಇದು ಬುದ್ಧಿಯ ಪರೀಕ್ಷೆಯೋ ಹಣದ ಪರೀಕ್ಷೆಯೋ ಎಂದು ಒಬ್ಬರು ಕೇಳಿದರು. ಕಷ್ಟಪಟ್ಟು ಓದಿಸುವುದೂ ತಪ್ಪೇ ಎಂದು ಇನ್ನೊಬ್ಬರು. ನಿವೃತ್ತ ಶಿಕ್ಷಕರೊಬ್ಬರು ಒಂದು ಹಳೆಯ ಸಂಗತಿ ನೆನಪಿಸಿದರು. ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಯನ್ನು ಮೊದಲು ರೂಪಿಸಿದವರಲ್ಲಿ ಒಬ್ಬರು ಫ್ರಾನ್ಸಿನ ಆಲ್ಫ್ರೆಡ್ ಬಿನೆ, 1905ರಲ್ಲಿ. ಅದನ್ನು ಮಾಡಿದ್ದು ಮುಂದಿರುವ ಮಕ್ಕಳನ್ನು ಆರಿಸಿಕೊಳ್ಳಲಿಕ್ಕಲ್ಲ, ಶಾಲೆಯಲ್ಲಿ ಹಿಂದೆ ಬಿದ್ದ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕೆಂದು ತಿಳಿಯಲಿಕ್ಕೆ. ನಾವು ಅದೇ ಬಗೆಯ ಪರೀಕ್ಷೆ ಮಾಡಿ, ಸಹಾಯ ಬೇಕಾದವರನ್ನು ಮನೆಗೆ ಕಳಿಸಿದ್ದೆವು.

ಕೋಚಿಂಗ್ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ: ಕನ್ನಡಿಯ ಚಿತ್ರವನ್ನು ಮೊದಲ ಸಲ ನೋಡುವ ಮಗುವಿಗೂ ಐವತ್ತು ಸಲ ನೋಡಿದ ಮಗುವಿಗೂ ವ್ಯತ್ಯಾಸ ಬಹಳ. ಉತ್ತರದ ಹಾಳೆಯೇ ಎಷ್ಟೋ ಮಕ್ಕಳಿಗೆ ಹೊಸದು. ಸಣ್ಣ ಸಣ್ಣ ವೃತ್ತಗಳನ್ನು ಪೆನ್ನಿನಿಂದ ತುಂಬುವಾಗ ಒಂದು ಸಾಲು ತಪ್ಪಿದರೆ, ಅಲ್ಲಿಂದ ಕೆಳಗೆ ಗೊತ್ತಿದ್ದ ಉತ್ತರಗಳೆಲ್ಲ ತಪ್ಪು. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಹಣ ಇರುವವರು ಅದನ್ನು ಕೊಳ್ಳುತ್ತಾರೆ, ಇಲ್ಲದವರಿಗೆ ಕೊಡುವುದು ನಮ್ಮ ಕೆಲಸ. ಅಭ್ಯಾಸ ಕೊಡುವುದಕ್ಕೆ ಮುಂಚೆಯೇ ಪರೀಕ್ಷೆ ಇಟ್ಟೆವು, ಅಲ್ಲೇ ನಮ್ಮ ಲೆಕ್ಕ ತಪ್ಪಿದ್ದು.

ಹೆಚ್ಚು ಅಂಕ ಬಂದ ಮಗುವಿಗೆ ವಿದ್ಯಾರ್ಥಿವೇತನವೂ ಮೊದಲು ಬರಬೇಕಲ್ಲವೇ ಎಂಬ ಮಾತೂ ಬಂತು. ಇದಕ್ಕೆ ನಮ್ಮ ಉತ್ತರ ಮೊದಲಿನಿಂದಲೂ ಒಂದೇ. ಝಕಾತ್ ಹಣ ಬಹುಮಾನದ ಹಣವಲ್ಲ. ಅದು ಯಾರಿಗೆ ಸಲ್ಲಬೇಕು ಎಂಬುದನ್ನು ಸೂರಃ ತೌಬಾದಲ್ಲಿ ಎಂಟು ವರ್ಗಗಳಾಗಿ ಹೇಳಿಬಿಡಲಾಗಿದೆ, ಬಡವರೂ ನಿರ್ಗತಿಕರೂ ಅದರಲ್ಲಿ ಮೊದಲಿಗರು. ತರಗತಿಯಲ್ಲಿ ಮೊದಲು ಬಂದವರು ಎಂಬ ವರ್ಗ ಅಲ್ಲಿಲ್ಲ. ಉಳ್ಳವರ ಮಗ ನೂರಕ್ಕೆ ನೂರು ತಂದರೂ ಆ ಖಾತೆಯಿಂದ ಒಂದು ರೂಪಾಯಿ ಕೊಡಲು ನಮಗೆ ಅಧಿಕಾರವಿಲ್ಲ, ಅದು ನಮ್ಮ ಬಳಿ ಇರುವ ಅಮಾನತ್. ಬಡವರ ಮಗಳು ಪಾಸಾದರೆ ಸಾಕು, ಅವಳಿಗೆ ಹಕ್ಕಿದೆ. ಮೆಚ್ಚುಗೆಯ ಬಹುಮಾನ ಕೊಡಬೇಕೆನ್ನುವವರು ಲಿಲ್ಲಾಹ್ ಖಾತೆಗೆ ಕೊಡಲಿ, ಸಂತೋಷದಿಂದ ಕೊಡುತ್ತೇವೆ. ಎರಡು ಖಾತೆ ಬೆರೆಸುವುದಿಲ್ಲ.

ಈ ವರ್ಷ ಏನು ಮಾಡುತ್ತೇವೆ? ಪಟ್ಟಿ ಅಂಟಿಸುವುದಿಲ್ಲ. ಶಾಲೂ ಇಲ್ಲ. ಐದನೇ ತರಗತಿಗೆ ಬಂದ ಯಾವ ಮಗು ಬಂದರೂ ಸೇರಿಸಿಕೊಳ್ಳುತ್ತೇವೆ. ಭಾನುವಾರ ಬೆಳಿಗ್ಗೆ ಮಕ್ತಬ್ ಮುಗಿದ ಮೇಲೆ ಒಂದು ತಂಡ, ಮಧ್ಯಾಹ್ನ ಇನ್ನೊಂದು. ಪಾಠ ಕನ್ನಡ ಮತ್ತು ಉರ್ದು ಎರಡರಲ್ಲೂ. ಎರಡು ತಿಂಗಳು ಅಭ್ಯಾಸವಾದ ಮೇಲೆಯೇ ಮೊದಲ ಪರೀಕ್ಷೆ. ಅದರ ಉದ್ದೇಶವೂ ಯಾವ ಮಗು ಎಲ್ಲಿ ಎಡವುತ್ತಿದೆ ಎಂದು ನೋಡುವುದಷ್ಟೇ. ಪೇಪರನ್ನು ಪಾಲಕರ ಕೈಗೇ ಕೊಡುತ್ತೇವೆ, ಸರಿ ಉತ್ತರಗಳ ಹಾಳೆಯ ಸಮೇತ.

ಪಟ್ಟಿ ತೆಗೆಯುವುದಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಹೊಲಿಗೆ ಅಂಗಡಿಯ ಒಬ್ಬ ಸಹೋದರರು ಹೇಳಿದ ಮಾತು ನಮ್ಮನ್ನು ಇನ್ನೂ ಕಾಡುತ್ತಿದೆ: ‘ಪಟ್ಟಿ ತಗದ್ರ ಶಿಫಾರಸು ಒಳಗ ಬರ್ತೈತ್ರಿ. ಇವತ್ತ ಗ್ವಾಡಿ ಮ್ಯಾಲ ಇದ್ದದ್ದಕ್ಕ ನಾವು ಇಷ್ಟು ಜಗಳಾ ಮಾಡಾಕತ್ತೀವಿ. ಇಲ್ಲಂದ್ರ ಜಗಳಾ ಮಾಡಾಕೂ ಕಾಗದ ಇರೂದಿಲ್ಲ.’ ಮಾತು ಸರಿಯೇ. ಅದಕ್ಕಾಗಿಯೇ ಪೇಪರು ಪಾಲಕರ ಕೈಗೆ. ಯಾರನ್ನೂ ಹೊರಗೆ ಬಿಡದಿದ್ದರೆ ಶಿಫಾರಸಿಗೆ ಕೆಲಸವೇ ಇಲ್ಲ ಎಂದುಕೊಂಡಿದ್ದೇವೆ. ಆದರೆ ಇನ್ನೂರು ಮಕ್ಕಳು ಬಂದರೆ? ನಮ್ಮ ಟ್ರಸ್ಟಿಗಳಲ್ಲೇ ಒಬ್ಬರು, 40 ಮಕ್ಕಳಿಗೆ ಚೆನ್ನಾಗಿ ಕಲಿಸುವುದು ನೂರು ಮಕ್ಕಳಿಗೆ ಅರೆಬರೆ ಕಲಿಸುವುದಕ್ಕಿಂತ ಮೇಲು ಎನ್ನುತ್ತಾರೆ. ಅವರ ಭಿನ್ನಾಭಿಪ್ರಾಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಅವರು ಹೇಳಿದ್ದೇ ನಿಜವಾಗಬಾರದು ಎಂದರೆ ನಮಗೆ ಶಿಕ್ಷಕರು ಬೇಕು. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಐದನೇ ತರಗತಿಯ ಗಣಿತ ಕಲಿಸಬಲ್ಲ ನಿವೃತ್ತ ಮಾಸ್ತರರು, ಅಕ್ಕೋರು, ಬಿಎಡ್ ಓದುತ್ತಿರುವ ಮಕ್ಕಳು ವಾರಕ್ಕೆ ಎರಡು ತಾಸು ಕೊಡಿ. ಹಣಕ್ಕಿಂತ ಈ ಎರಡು ತಾಸಿನ ಕೊರತೆ ನಮಗೆ ಹೆಚ್ಚಿದೆ.

ಹೆಣ್ಣುಮಕ್ಕಳ ಮಾತು. ಗಂಡುಮಗನಿಗೆ ಅರ್ಜಿ ತುಂಬಿಸಿ, ಅವನಿಗಿಂತ ಜಾಣೆಯಾದ ತಂಗಿಗೆ ಬೇಡ ಎನ್ನುವ ಮನೆಗಳಿವೆ. ಹಾಸ್ಟೆಲ್ ಹೇಗಿರುತ್ತದೋ, ಊಟ ಹೇಗೋ ಎಂಬ ಆತಂಕ ಸಹಜ. ಒಂಬತ್ತನೇ ತರಗತಿಯಲ್ಲಿ ನೂರಕ್ಕೆ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯೂ ಇದೆ, ಅದನ್ನು ಮೊದಲೇ ತಿಳಿದಿರಿ. ಆತಂಕ ಇದ್ದರೆ ಶಾಲೆಗೇ ಹೋಗಿ ನೋಡಿ, ಅಲ್ಲಿ ಓದುತ್ತಿರುವ ನಮ್ಮ ಹುಡುಗಿಯರ ತಾಯಂದಿರನ್ನು ಕೇಳಿ. ನೋಡದೆ, ಕೇಳದೆ ಬೇಡ ಎನ್ನಬೇಡಿ.

ಆಯ್ಕೆಯಾಗದ ಮಕ್ಕಳ ಬಗ್ಗೆ. ಶಾಲು ಹೊದಿಸಿಕೊಂಡ ಹುಡುಗ ಫಲಿತಾಂಶದ ನಂತರ ಕೆಲವು ವಾರ ಮಕ್ತಬಿಗೂ ಬರಲಿಲ್ಲ, ಗೆಳೆಯರ ಮುಂದೆ ಬರಲು ನಾಚಿಕೆ. ಹಜರತ್ ಅವರೇ ಮನೆಗೆ ಹೋಗಿ ಕರೆತಂದರು. ಅವನ ತಂದೆಗೂ ನಾವು ಹೇಳಿದ್ದು ಇದೇ: ನಿಮ್ಮ ಮಗ ಜೂನ್‌ನಲ್ಲಿ ಎಷ್ಟು ಜಾಣನಾಗಿದ್ದನೋ ಮಾರ್ಚಿನಲ್ಲೂ ಅಷ್ಟೇ ಜಾಣ. 80 ಸೀಟಿನ ಆಚೆ ಉಳಿದ ಮಕ್ಕಳು ದಡ್ಡರಲ್ಲ, ಸೀಟು ಇರುವುದೇ 80. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಆದರ್ಶ ವಿದ್ಯಾಲಯಗಳಿವೆ. ಇವೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ ನಡೆಸುತ್ತವೆ, ಆದ್ದರಿಂದ ಐದರಲ್ಲಿರುವಾಗಲೇ ಎಲ್ಲಕ್ಕೂ ಅರ್ಜಿ ಹಾಕಬೇಕು. ಒಂಬತ್ತನೇ ತರಗತಿಯಲ್ಲಿ ಖಾಲಿ ಬೀಳುವ ಸ್ಥಾನಗಳಿಗೆ ನವೋದಯವೇ ಮತ್ತೊಂದು ಪರೀಕ್ಷೆ ಮಾಡುತ್ತದೆ.

ಎಂಟನೇ ತರಗತಿಯ ಮಕ್ಕಳ ಪಾಲಕರು ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಪರೀಕ್ಷೆಯನ್ನು ಬಿಡಬೇಡಿ. 2008ರಿಂದ ನಡೆದಿದೆ, ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಓದುತ್ತಿದ್ದು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದಿದ್ದರೆ ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಅದರಲ್ಲೂ ಅರ್ಧ ಭಾಗ ಬುದ್ಧಿಶಕ್ತಿಯ ಪ್ರಶ್ನೆಗಳೇ. ಉರ್ದು ಶಾಲೆಯ ಆ ಹುಡುಗಿಯನ್ನು ನಮ್ಮ ತರಗತಿಗೆ ಈಗಿನಿಂದಲೇ ಸೇರಿಸಿಕೊಂಡಿದ್ದೇವೆ. ಅವಳು ಎಂಟನೇ ತರಗತಿಗೆ ಬರಲು ಇನ್ನೂ ಎರಡು ವರ್ಷ ಇದೆ. ಕಳೆದುಹೋದ ನವೋದಯಕ್ಕೆ ಇದು ಪರಿಹಾರ ಎಂದು ನಾವು ಹೇಳುವುದಿಲ್ಲ, ಅವಳ ತಾಯಿಯ ಮುಂದೆ ಹಾಗೆ ಹೇಳುವ ಧೈರ್ಯವೂ ನಮಗಿಲ್ಲ.

ಇನ್ನು ಈ ವರ್ಷದ ಅರ್ಜಿಗೆ ಬೇಕಾದದ್ದು. ನವೋದಯದ ಅರ್ಜಿಗೆ ಶುಲ್ಕವಿಲ್ಲ, ತುಂಬಿಕೊಡುತ್ತೇವೆಂದು ಹಣ ಕೇಳಿದವರಿಗೆ ಕೊಡಬೇಡಿ. ಮಗುವಿನ ಆಧಾರ್, ಭಾವಚಿತ್ರ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಇರುವ ಪ್ರಮಾಣಪತ್ರ, ಮಗುವಿನದೂ ಪಾಲಕರದೂ ಸಹಿ ತನ್ನಿ. ಹಿಂದುಳಿದ ವರ್ಗದ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ ಇರಬೇಕು, ರಾಜ್ಯದ ನಮೂನೆ ಸಾಲದು. ತಹಶೀಲ್ದಾರ್ ಕಚೇರಿಯಲ್ಲಿ ತಡವಾಗುತ್ತದೆ, ಈಗಲೇ ಅರ್ಜಿ ಕೊಡಿ. ಉರ್ದು ಮಾಧ್ಯಮದವರು ಪರೀಕ್ಷೆಯ ಭಾಷೆ ಉರ್ದು ಎಂದು ಗುರುತಿಸಿದ್ದನ್ನು ಮನೆಗೆ ಹೋಗುವ ಮೊದಲು ಒಮ್ಮೆ ನೋಡಿಕೊಳ್ಳಿ. ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅಂಕಪಟ್ಟಿ ಇಲ್ಲದಿದ್ದರೂ ಸ್ವೀಕರಿಸುತ್ತೇವೆ.

ಅರ್ಜಿ ತುಂಬಲು ಕಚೇರಿ ಪ್ರತಿದಿನ ಅಸರ್ ನಂತರ ತೆರೆದಿರುತ್ತದೆ. ಹಗಲು ಕೂಲಿಗೆ ಹೋಗುವ ತಾಯಂದಿರಿಗಾಗಿ ಇಶಾ ನಮಾಜಿನ ನಂತರವೂ ಒಂದು ತಾಸು ತೆರೆದಿರುತ್ತದೆ, ಇನ್ಶಾ ಅಲ್ಲಾಹ್.